ಪಿಳ್ಳಣ್ಣನವರ ಕೈಗೆ ಹೋದ ಬೇರೆಯವರ ರಿಪೋರ್ಟು

ಮಧುಶ್ರೀ, ವಯಸ್ಸು 29 ವರ್ಷ, ಪರಮಶಿವಯ್ಯ ಎಂಬುವವರ ರಕ್ತ ಪರೀಕ್ಷಾ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ, ವಾಸ ಬನಶಂಕರಿ ಎರಡನೇ ಹಂತ, ಬೆಂಗಳೂರು. ಈ ಸಂಜೆ 6-10ಕ್ಕೆ ಠಾಣೆಗೆ ಓಡಿಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮಲ್ಲಿ ಪರೀಕ್ಷೆಗೆ ಬಂದವರ ಹೆಸರು ಕಂಪ್ಯೂಟರಿನ ಒಂದು ಫೈಲಿನಲ್ಲಿ, ಫಲಿತಾಂಶ ಇನ್ನೊಂದರಲ್ಲಿ ಇರುತ್ತದೆ. ಬಂದವರಿಗೆ ಪ್ರತಿ ಸಲ ಕೊಡುವ ಹೊಸ ನಂಬರೇ ಎರಡನ್ನೂ ಜೋಡಿಸುತ್ತದೆ. ಕೌಂಟರ್ ನಡೆಯುತ್ತಿರುವಾಗ ಈ ಫೈಲುಗಳನ್ನು ಕಾಪಿ ಮಾಡಬೇಕಾದರೆ ಮೊದಲು ಪರದೆಯ ಮೇಲೆ ಒಂದು ಕಪ್ಪು ವಿಂಡೋ ತೆರೆದು ಅದರಿಂದ ಫೈಲುಗಳಿಗೆ ಬೀಗ ಹಾಕಬೇಕು. ಆಗ ಯಾರಿಗೂ ಹೊಸದಾಗಿ ಏನೂ ಸೇರಿಸಲಾಗುವುದಿಲ್ಲ. ಆ ವಿಂಡೋ ಮುಚ್ಚಿದರೆ ಬೀಗವೂ ಬಿಟ್ಟುಹೋಗುತ್ತದೆ.

ನಿನ್ನೆ ಬೆಳಿಗ್ಗೆ ಹೀಗೆ ಬೀಗ ಹಾಕಿ, ಕಾಪಿ ಶುರು ಮಾಡಿ, ಪ್ರಿಂಟರಿನ ಇಂಕ್ ತರಲು ಜಯನಗರಕ್ಕೆ ಹೋದೆ. ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸುವ ಹಾಗೆ, ಖಾಲಿ ಕುರ್ಚಿಯ ಮುಂದಿನ ಕಂಪ್ಯೂಟರಿನಲ್ಲಿ ತೆರೆದಿರುವುದನ್ನೆಲ್ಲ ಮುಚ್ಚುವುದು ಮಾಲೀಕರ ಅಭ್ಯಾಸ. ನಾನು ಬಂದಾಗ ಕಾಪಿ ಮುಗಿದಿತ್ತು, ಕಪ್ಪು ವಿಂಡೋ ಇರಲಿಲ್ಲ. ಕೇಳಿದ್ದಕ್ಕೆ, ಕೆಲಸ ಮುಗೀತಲ್ಲಮ್ಮ, ಅದಕ್ಕೇ ಮುಚ್ಚಿದೆ ಎಂದರು. ನಾನು ನಂಬಿದೆ.

ಇಂದು ಬೆಳಿಗ್ಗೆ ಡಿಸ್ಕ್ ಕೆಟ್ಟಿದ್ದರಿಂದ ಆ ಕಾಪಿಯನ್ನೇ ಬೇರೆ ಕಂಪ್ಯೂಟರಿಗೆ ಹಾಕಿ ಕೌಂಟರ್ ತೆರೆದೆವು. ಮೊದಲು ಬಂದವರಲ್ಲಿ ಗೊಟ್ಟಿಗೆರೆಯ ಪಿಳ್ಳಣ್ಣ ಒಬ್ಬರು. ಹೃದಯದ ಕವಾಟ ಬದಲಾಯಿಸಿಕೊಂಡವರು, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗುತ್ತಾರೆ. ಮಧ್ಯಾಹ್ನ ರಿಪೋರ್ಟನ್ನು ಮಹಡಿಯ ಡಾಕ್ಟರಿಗೆ ತೋರಿಸಿ ಇಳಿದವರು ಕೌಂಟರಿನ ಶೃತಿಗೆ, ರಕ್ತ ಇನ್ನೂ ಗಟ್ಟಿ ಐತಂತಮ್ಮ, ಇವತ್ ರಾತ್ರಿ ಊಟ ಆದ್ಮೇಲಿಂದ ಎರಡೆರಡು ಮಾತ್ರೆ ತಗೋಬೇಕಂತೆ ಎಂದು ಹೇಳಿ ಹೋದರು.

4-30ಕ್ಕೆ, ವಿಲ್ಸನ್ ಗಾರ್ಡನ್‌ನ ಒಬ್ಬ ಗಂಡಸಿನ ರಿಪೋರ್ಟಿನಲ್ಲಿ ಗರ್ಭ ಪರೀಕ್ಷೆಯ ಫಲಿತಾಂಶ ಬಂದಿದೆ ಎಂದು ಶೃತಿ ನಗುತ್ತಾ ತಂದು ತೋರಿಸಿದಳು. ಮಾಲೀಕರನ್ನು ಮತ್ತೆ ಕೇಳಿದೆ. ನೀನು ಅತ್ತ ಹೋದ ಕೂಡ್ಲೇ ಮುಚ್ಚಿದ್ನಮ್ಮ, ಅಷ್ಟಕ್ಕೆ ಏನಾಗುತ್ತೆ ಎಂದರು. ಆಗಿದ್ದಿಷ್ಟು: ಹೆಸರಿನ ಫೈಲು ಕಾಪಿಯಾದ ಮೇಲೆ ಬೀಗ ಬಿಟ್ಟು, ಕೌಂಟರಿನಲ್ಲಿ ಹೊಸಬರು ಸೇರಿದ್ದಾರೆ. ಕಾಪಿಯಲ್ಲಿ ಅವರ ಹೆಸರಿಲ್ಲ, ಆಮೇಲೆ ಕಾಪಿಯಾದ ಫೈಲಿನಲ್ಲಿ ಫಲಿತಾಂಶ ಇದೆ. ಹೆಸರಿಲ್ಲದ್ದರಿಂದ ಖಾಲಿ ಎಂದುಕೊಂಡು ಅವರ ನಂಬರುಗಳನ್ನೇ ಕಂಪ್ಯೂಟರು ಇಂದು ಬಂದವರಿಗೆ ಕೊಟ್ಟು, ನಿನ್ನೆಯ ಫಲಿತಾಂಶ ಅಚ್ಚು ಹಾಕಿದೆ. ಪರೀಕ್ಷೆಯ ಯಂತ್ರದಲ್ಲೇ ನೋಡಿದರೆ ಪಿಳ್ಳಣ್ಣನವರ ರಕ್ತ ಈಗಾಗಲೇ ಮಿತಿಮೀರಿ ತೆಳುವಾಗಿದೆ. ಎರಡು ಮಾತ್ರೆ ನುಂಗಿದರೆ ಒಳಗೇ ರಕ್ತ ಸೋರಬಹುದೆಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಉಳಿದವರೆಲ್ಲ ಫೋನಿಗೆ ಸಿಕ್ಕರು. ಪಿಳ್ಳಣ್ಣನವರದು ಸ್ವಿಚ್ ಆಫ್. ವಿಳಾಸ ಗೊಟ್ಟಿಗೆರೆ, ಕೆರೆ ಹತ್ತಿರ ಎಂದಷ್ಟೇ ಇದೆ. ಮಾಲೀಕರು ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ ಬೀದಿ ಬೀದಿ ವಿಚಾರಿಸುತ್ತಿದ್ದಾರೆ. ಈವರೆಗೆ ಇಬ್ಬರು ಪಿಳ್ಳಣ್ಣ ಸಿಕ್ಕಿದ್ದಾರೆ, ಇಬ್ಬರೂ ಅವರಲ್ಲ. ನನಗೆ ಬಹಳ ಭಯವಾಗಿದೆ. ಜೀಪು ಕಳಿಸಿ, ಮಾತ್ರೆ ನುಂಗಬೇಡಿ ಎಂದು ಮೈಕಿನಲ್ಲಿ ಕೂಗಿಸಬೇಕಾಗಿ ಕೇಳಿಕೊಳ್ಳುತ್ತೇನೆ.

ಮೇಲೆ ಬರೆಸಿದ್ದೆಲ್ಲ ನಿಜ. ಓದಿ ಕೇಳಿಸಿದ ಮೇಲೆ ಸಹಿ ಮಾಡಬೇಕೆಂದು ಸಾಹೇಬರು ಹೇಳಿದರು. ಅಷ್ಟು ಹೊತ್ತಿಗೆ ಪಿಳ್ಳಣ್ಣನವರು ಊಟಕ್ಕೆ ಕೂತಿರುತ್ತಾರೆ ಎಂದು, ಓದಿಸಿಕೊಳ್ಳದೆಯೇ ಸಹಿ ಮಾಡಿದ್ದೇನೆ.

ಸ್ಥಳ: ಬನಶಂಕರಿ
ದಿನಾಂಕ: 13-02-2025, ಸಂಜೆ 6-50
ಸಹಿ/- ಮಧುಶ್ರೀ