ನೀಲಾಂಬಿಕಾ ಕೊಟ್ಟ ಕಚೇರಿ

ಹಾನಗಲ್ ಬಸ್ ನಿಲ್ದಾಣದಲ್ಲಿ ಸವಣೂರಿನ ಬಸ್ಸಿಗೆ ಕಾಯುತ್ತಿದ್ದ ಸುಧಾರಾಣಿಯ ಪಕ್ಕಕ್ಕೆ ಒಬ್ಬ ಅಜ್ಜಿಯೂ ಮೊಮ್ಮಗಳೂ ಬಂದು ಕುಳಿತರು. ಹುಡುಗಿಯ ತೊಡೆಯ ಮೇಲೆ ಧಾರವಾಡದ ಸಂಗೀತ ಕಾಲೇಜಿನ ಅರ್ಜಿ ಇತ್ತು. ಅದನ್ನು ಕೊಡಲು ಅಂದೇ ಕಡೆಯ ದಿನವಂತೆ.

“ಅಜ್ಜಿ, ಒಂದು ಸಾಲು ಖಾಲಿ ಉಳದೈತಿ. ಎಷ್ಟು ಕಚೇರಿ ಕೊಟ್ಟೀರಿ ಅಂತ ಕೇಳ್ಯಾರ.”

“ಕಚೇರಿ ಕೊಡಾಕ ನಾವೇನು ಸರಕಾರದವರೇನ?”

“ಹಾಡಿನ ಕಚೇರಿ! ಮಂದಿ ಮುಂದ ಕುಂತು ಹಾಡೋದು. ನಾ ಎಲ್ಲಿ ಹಾಡೇನಿ? ಸೀಟು ಹೋತು ಅಂತ ತಿಳ್ಕೊ.”

“ಯಾಕ ನೀಲಾ, ಬಾಜೂ ಮನಿ ಶಾಂತವ್ವನ ಮಾವನ ಹೆಣದ ಮುಂದ ಭಜನಿ ಹಾಡಿದ್ಯಲ್ಲ? ಹಿರ್ಯಾ ಕಡೀತನಕ ಕೇಳಿದ.”

“ಸತ್ತವರಿಗೆ ಎದ್ದು ಹೋಗಾಕ ಬರ್ತೈತೇನ?”

“ಹೋಗ್ಲಿ. ಜಾತಿ ಸರ್ಟಿಫಿಕೇಟಿಗೆ ನಾಡಕಚೇರ್ಯಾಗ ಪಾಳಿ ಹಚ್ಚಿ ನಿಂತಾಗ ಬ್ಯಾಸರಾಗಿ ಹಾಡಿದಿ. ಪಾಳ್ಯಾಗ ನಿಂತ ಮಂದಿಯೆಲ್ಲ ಗಪ್ ಆತು. ಸಾಹೇಬ್ರು ಪೆನ್ನು ಕೆಳಗಿಟ್ಟು ಕೇಳಿದ್ರು. ಅದು ಕಚೇರಿ ಅಲ್ಲೇನ? ಬರಿ!”

ಹುಡುಗಿ ನಗು ತಡೆಯಲಾರದೆ ಗಟ್ಟಿಯಾಗಿ ಹೇಳುತ್ತಲೇ ಬರೆದಳು: “ಒಂದು. ಸ್ಥಳ, ನಾಡಕಚೇರಿ.”

ಅಷ್ಟರಲ್ಲಿ ಧಾರವಾಡದ ಬಸ್ಸು ಕಾಲಿಡಲೂ ಜಾಗವಿಲ್ಲದಷ್ಟು ತುಂಬಿಕೊಂಡು ಬಂತು. ಹುಡುಗಿಯ ಮುಖ ಮತ್ತೆ ಸಣ್ಣಗಾಯಿತು.

“ಒಂದ ಅಂದ್ರ ಕಡಿಮಿ ಆಕೈತಿ ಅಜ್ಜಿ.”

“ನೀ ಹತ್ತು ಮೊದಲ. ಇಷ್ಟು ಮಂದಿ ಅದಾರ, ಧಾರವಾಡ ಮುಟ್ಟೂದ್ರಾಗ ಎರಡು ಮಾಡೂನು.”

ಸುಧಾರಾಣಿ ತನ್ನ ಬಸ್ಸು ಬಂದದ್ದನ್ನೂ ಮರೆತು, ಅವರಿಬ್ಬರು ನುಗ್ಗಿ ಹತ್ತುವುದನ್ನೇ ನೋಡುತ್ತ ಎದ್ದು ನಿಂತಳು. ಧಾರವಾಡದ ಬಸ್ಸು ಗೇಟು ದಾಟುವಾಗ ಕಿಟಕಿಯಿಂದ ಅಜ್ಜಿಯ ದನಿ ಕೇಳಿಸಿತು:

“ಕಂಡಕ್ಟರ್ ಸಾಹೇಬ್ರ, ಸೀಟಿ ಊದಬ್ಯಾಡ್ರಿ! ಹುಡುಗಿ ಸುರು ಮಾಡ್ಯಾಳ!”