ಅವರಪ್ಪನ ಹೆಸರು

1942ರಲ್ಲಿ ಕೊಪ್ಪಳದ ಕಚೇರಿ ಕಟ್ಟೆಯ ಮೇಲೆ, ಉರ್ದುವಿನಲ್ಲಿ ಅರ್ಜಿ ಬರೆದುಕೊಡುವ ಮುನ್ಷಿಯ ಮುಂದೆ ನನ್ನ ಪಾಳಿಗೆ ಕಾಯುತ್ತಿದ್ದೆ. ನನಗಿಂತ ಮುಂಚೆ ಒಬ್ಬ ಹೆಂಗಸು ಕುಳಿತಿದ್ದಳು.

“ನಿಮ್ಮ ಮಗನ ಓದಿಗೆ ವಜೀಫಾದ ರೊಕ್ಕ ಕೊಡೂದಿಲ್ಲ ಅಂದಾರಲ್ರೀ ಕಾಲೇಜಿನವರು. ಮತ್ಯಾಕ ಅರ್ಜಿ?” ಮುನ್ಷಿ ಕೇಳಿದ.

“ಆಗ ಅವರಪ್ಪ ಅಂಗಡಿ ನಡಸ್ತಿದ್ರು. ಈಗ ಅವರೂ ಇಲ್ಲ, ಅಂಗಡೀನೂ ಇಲ್ರಿ.”

“ಹಂಗ ಬರೀತೀನಿ. ಯಜಮಾನ್ರ ಹೆಸರು?”

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು.

“ಗಂಡನ ಹೆಸರು ನೀವು ಹೇಳಂಗಿಲ್ಲಂದ್ರ ಜೊತಿಗೆ ಬಂದವರು ಹೇಳ್ಲಿ.”

“ಯಾರೂ ಬಂದಿಲ್ರಿ. ಯಾವಾಗ್ಲೂ ಮಗಾನ ಹೇಳ್ತಿದ್ದ. ಅಂವ ಹೈದರಾಬಾದಿನ್ಯಾಗ ಅದಾನ.”

“ಹೆಸರಿಲ್ದ ಅರ್ಜಿ ನಡಿಯಂಗಿಲ್ಲ, ತಾಯಿ.”

ಸೆರಗಿನೊಳಗೇ ಏನೋ ಅಂದಳು.

“ಕೇಳಲಿಲ್ಲ. ಜೋರ್ಲೆ ಹೇಳ್ರಿ.”

“ಹಂಪಣ್ಣಾ!”

ಕೂಗಿ ಕರೆದಂತಿತ್ತು. ಮುನ್ಷಿ ಬರೆದುಕೊಟ್ಟ. ಅರ್ಜಿ ಹಿಡಿದು ಮೆಟ್ಟಿಲಿಳಿಯುತ್ತ ಆಕೆ, ಯಾರೋ ಓಗೊಟ್ಟರೇನೋ ಎಂಬಂತೆ, ಒಮ್ಮೆ ಹಿಂತಿರುಗಿ ನೋಡಿದಳು.