ಆ ಬಾವುಟದ ಗಂಟು ನನ್ನದು

ಸಭೆಗೆ ಬಂದಿರುವ ಹಿರಿಯರೇ, ದರ್ಜಿಗಳ ಸಂಘದ ಗೆಳೆಯರೇ, ಕಾಜಾ ಮಾಸ್ಟರ್ ಫೋಟೋದ ಪಕ್ಕ ಸಭೆಯ ಕಡೆ ಮುಖ ಮಾಡಿ ಕುಳಿತಿರುವ ಅವನ ಹೆಂಡತಿ, ನನ್ನ ತಂಗಿಯಂಥವಳೇ, ಅವಳ ಮಗಳೇ — ಎಲ್ಲರಿಗೂ ನಮಸ್ಕಾರ.

ಮಾತಾಡಿಯೇ ಅಂಗಡಿ ಕಟ್ಟಿದವನು ನಾನು. ಇವತ್ತು ಬರೆದುಕೊಂಡು ಬಂದು ಓದುತ್ತಿದ್ದೇನೆ.

ನಮ್ಮ ಕಾಜಾ ಮಾಸ್ಟರ್ ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಅಂಗಡಿಯವನು. ಅಂಗಿಯ ಗುಂಡಿ ತೂರುವ ಕಾಜಾವನ್ನು ಕೊನೆಯವರೆಗೂ ಕೈಯಲ್ಲೇ ಹೊಲಿದ; ಅದಕ್ಕೇ ಆ ಹೆಸರು. "ಮೆಷಿನ್‌ಗೆ ಹಾಕಿಸೋ, ಕಣ್ಣು ಹೋಗುತ್ತೆ" ಅಂದರೆ, "ನಿನ್ನ ಬಾಯಿಗೂ ಒಂದು ಕಾಜಾ ಹಾಕಿ ಗುಂಡಿ ಬಿಗೀತೀನಿ, ಸುಮ್ನಿರು" ಅನ್ನುತ್ತಿದ್ದ.

ಚುನಾವಣೆ ಬಂದರೆ ನಮ್ಮ ಬೀದಿಗೆ ಬಾವುಟದ ಕೆಲಸ. ಎರಡೂ ಪಕ್ಷದವರದ್ದನ್ನು ಹೊಲಿಯುತ್ತೇವೆ. ಆದರೆ ಒಂದು ಎಚ್ಚರಿಕೆ — ಎರಡು ಬಣ್ಣ ಒಂದೇ ಅಂಗಡಿಯಲ್ಲಿ ಕಾಣಬಾರದು. ಒಂದು ಗಂಟು ಇಟ್ಟುಕೊಂಡು ಇನ್ನೊಂದನ್ನು ಪಕ್ಕದವನಿಗೆ ದಾಟಿಸುವುದು. ಈ ಪದ್ಧತಿ ಶುರುಮಾಡಿದವನು ನಾನೇ. ಬಹಳ ಜಾಣತನ ಅಂದುಕೊಂಡಿದ್ದೆ.

ಆ ಮಂಗಳವಾರ ಮಧ್ಯಾಹ್ನ ಒಂದು ಗಂಟನ್ನು ಅವನ ಮೇಜಿನ ಮೇಲೆ ಹಾಕಿ ಬಂದೆ. ಅರ್ಧ ಗಂಟೆ ಕಳೆದಿರಲಿಲ್ಲ — ಒಂದು ಪಕ್ಷದ ಮೆರವಣಿಗೆ ಬಂತು. ಅವರಿಗೆ ಕಂಡದ್ದು ಎದುರು ಪಕ್ಷದ ಬಣ್ಣ; ಅವನ ಮೇಲೆ ಬಿದ್ದರು. ಅವರದೇ ಇನ್ನೂರು ಬಾವುಟ ಗೋಡೆಯ ಈಚೆ, ನನ್ನ ಅಂಗಡಿಯಲ್ಲಿ, ಮಡಚಿ ಇಟ್ಟಿತ್ತು! "ಅಣ್ಣಾ, ನಾನು ದರ್ಜಿ, ಬರೀ ದರ್ಜಿ" ಎಂದು ಅವನು ಕೂಗಿದ್ದು ನನಗೆ ಕೇಳಿಸಿತು. ನಿಮಗೂ ಕೇಳಿಸಿತು. ನಾವು — ಷಟರ್ ಎಳೆದುಕೊಂಡೆವು.

ಠಾಣೆಯ ಕಾಗದದಲ್ಲಿ ಈಗ ಏನಿದೆ ಗೊತ್ತೇ? ಎರಡು ಪಕ್ಷದ ಕಾರ್ಯಕರ್ತರ ಹೊಡೆದಾಟ, ಒಬ್ಬ ಸತ್ತ. ಕಾಜಾ ಕಾರ್ಯಕರ್ತನಂತೆ! ಮತ ಹಾಕುವ ದಿನವೂ ಹೊಲಿಗೆ ಬಿಟ್ಟು ಏಳದವನು.

ಆಮೇಲೆ ನಮ್ಮ ಸಹಾಯ ಅವನ ಮನೆಗೆ ಹೊಳೆಯಾಗಿ ಹರಿಯಿತು. ಲೆಕ್ಕ ಇಡುವ ಚಟ ನನಗೆ, ಹೇಳುತ್ತೇನೆ: ಅಕ್ಕಿ ನಾಲ್ಕು ಮೂಟೆ, ಕಂಬಳಿ ಆರು, ಹೊಲಿಗೆ ಯಂತ್ರ ಮೂರು. ದರ್ಜಿಯ ಮನೆಗೆ ಮೂರು ಹೊಲಿಗೆ ಯಂತ್ರ! ಅದರಲ್ಲೊಂದು ನನ್ನದೇ.

ತಂಗಿ ಅದನ್ನು ಮುಟ್ಟಲೂ ಇಲ್ಲ. "ಇದನ್ನೆಲ್ಲ ಎಲ್ಲಿಡಲಿ ಅಣ್ಣಾ? ಸ್ಕೂಲಲ್ಲಿ ಮಗಳಿಗೆ 'ನಿಮ್ಮಪ್ಪ ಗೂಂಡಾ ಅಂತೆ' ಅಂತಾರೆ. ಅವರು ಬರೀ ದರ್ಜಿ ಅಂತ ಯಾರಾದ್ರೂ ಒಬ್ರು ಠಾಣೇಲಿ ಹೇಳಿ. ನಂಗೆ ಅಷ್ಟು ಸಾಕು."

ಅಷ್ಟನ್ನು ಹೇಳಲು ನನಗೆ ಹದಿನೇಳು ದಿನ ಬೇಕಾಯಿತು. ನಿನ್ನೆ ಹೋಗಿ, "ಆ ಗಂಟು ನನ್ನದು" ಅಂದೆ. ಅಧಿಕಾರಿ ನಕ್ಕರು. "ಇಷ್ಟು ದಿನ ಎಲ್ಲಿದ್ರಿ? ನಿಮ್ಮೊಬ್ಬರ ಮಾತು ನಿಲ್ಲಲ್ಲ. ಇನ್ನಿಬ್ಬರನ್ನ ಕರ್ಕೊಂಡು ಬನ್ನಿ."

ಸಂಜೆ ಹನ್ನೊಂದು ಅಂಗಡಿ ಹತ್ತಿ ಇಳಿದೆ. "ಮನೇಲಿ ಮದುವೆ ಇದೆ ಅಣ್ಣ." "ನಾನು ಊಟಕ್ಕೆ ಹೋಗಿದ್ದೆ ಅಲ್ವಾ?" — ಇಡೀ ಬೀದಿಯೇ ಆವತ್ತು ಒಂದೇ ಹೊತ್ತಿಗೆ ಊಟಕ್ಕೆ ಹೋಗಿತ್ತು! ಬೈಯುವ ಯೋಗ್ಯತೆ ನನಗಿಲ್ಲ. ನಿಮ್ಮ ಭಯ ನನಗೆ ಗೊತ್ತು. ಅದರ ಜೊತೆಗೇ ಹದಿನೇಳು ದಿನ ಮಲಗಿ ಎದ್ದವನು ನಾನು.

ತಂಗೀ, ನಿನಗೆ ಸುಳ್ಳು ಧೈರ್ಯ ಹೇಳಲಾರೆ. ಕೊಂದವರು ಸಿಗುತ್ತಾರೆಂಬ ನಂಬಿಕೆ ನನಗಿಲ್ಲ. ಇನ್ನಿಬ್ಬರು ಸಾಕ್ಷಿ ಸಿಗುತ್ತಾರೆಂಬ ನಂಬಿಕೆಯೂ — ಇಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಅದು ಮುಗಿದ ಮೇಲೆ, ನಾಳೆ ಹತ್ತು ಗಂಟೆಗೆ ನನ್ನ ಜೊತೆ ಠಾಣೆಗೆ ಬರುವವರು ನಿಂತೇ ಇರಿ. ಉಳಿದವರು ಕುಳಿತುಕೊಳ್ಳಬಹುದು. ನಾನು ತಲೆ ಎತ್ತುವುದಿಲ್ಲ, ಎಣಿಸುವುದೂ ಇಲ್ಲ.

ತಂಗಿ ನೋಡುತ್ತಿರುತ್ತಾಳೆ.